ಕುಬಸದ ಹಸಿರು ಸೀರೆ

ಮಹಾದೇವಪ್ಪ ಕಾಕಾ, ಆ ಸೀರೆಯ ಹಣವನ್ನು ಕಾರ್ಡಿನಿಂದ ತೆಗೆದುಕೊಳ್ಳಿ ಎಂದು ಫೋನಿನಲ್ಲಿ ಹೇಳಿದವಳು ನಾನೇ. ಏನೂ ಗೊತ್ತಿಲ್ಲವೆಂದು ಗಂಡನ ಮುಂದೆ ಸುಳ್ಳಾಡಿದವಳೂ ನಾನೇ. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ — ಇನ್ನು ಆಗುವುದಿಲ್ಲ.

ಸವಣೂರಿನ ನಿಮ್ಮ ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಮದುವೆ ಜವಳಿಗೆ ಬಂದವರು ಐದಾರು ಸೀರೆ ಮನೆಗೆ ಒಯ್ದು ಹಿರಿಯರಿಗೆ ತೋರಿಸಿ, ಮೆಚ್ಚಿದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಮರುದಿನ ತಂದುಕೊಡಬೇಕು, ದುಡ್ಡೂ ಆಗಲೇ. ಮೈದುನನ ಮದುವೆಗೆಂದು ನಾನೂ ಗಂಟು ಕಟ್ಟಿಸಿಕೊಂಡು ಶಿಗ್ಗಾಂವಿಯ ನಮ್ಮ ಮನೆಗೆ ಹೊರಟೆ. ನೀವು ಏನೂ ಕೇಳಿರಲಿಲ್ಲ. ನಾನೇ ದೊಡ್ಡಸ್ತಿಕೆಗೆ, ಗುರುತಿಗೆ ಇರಲೆಂದು ಯಜಮಾನರ ಕ್ರೆಡಿಟ್ ಕಾರ್ಡನ್ನು ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಬಂದೆ. ಕಾರ್ಡನ್ನು ಒತ್ತೆ ಇಡುವ ಜಾಣತನ ನಮ್ಮಂಥವರಿಗೇ ಸರಿ!

ಮನೆಯಲ್ಲಿ ಸೀರೆ ಬಿಡಿಸುವಾಗ ತಂಗಿ ನೆನಪಾದಳು. ಮನೆಯವರ ಮಾತು ಮೀರಿ ಬೇರೆ ಜಾತಿಯವನನ್ನು ಮದುವೆಯಾಗಿ ಹಿರೇಕೆರೂರಿನಲ್ಲಿದ್ದಳು. ಏಳು ತಿಂಗಳ ಬಸುರಿ. ಕುಬಸದ ಶಾಸ್ತ್ರಕ್ಕೆ ತವರಿನ ಹಸಿರು ಸೀರೆ ಉಡಿಸುವವರು ಯಾರೂ ಇರಲಿಲ್ಲ. ಅವಳ ಹೆಸರೆತ್ತಿದರೆ ಯಜಮಾನರು ಊಟ ಬಿಟ್ಟು ಏಳುತ್ತಿದ್ದರು. ಹಿತ್ತಲಿಗೆ ಹೋಗಿ ನಿಮಗೆ ಫೋನು ಮಾಡಿದೆ.

“ಕಾಕಾ, ಅಂಗಡ್ಯಾಗ ನೋಡಿದ್ನೆಲ್ರಿ, ಆ ಹಸರ ಸೀರಿ ಹಿರೇಕೆರೂರಿಗೆ ನಮ್ಮ ತಂಗಿಗೆ ಕಳಿಸಿಬಿಡ್ರಿ. ರೊಕ್ಕ ಕಾರ್ಡಿನ್ಯಾಗ ತಗೋರಿ. ಮನ್ಯಾಗ ಮಾತ್ರ ಗೊತ್ತಾಗೂದು ಬ್ಯಾಡ.”

“ಆತವಾ. ನಾನ ಬಸ್ಸಿಗೆ ಇಟ್ಟ ಬರ್ತೇನಿ.”

ಸಣ್ಣ ಮೊತ್ತ, ಪಿನ್ ಬೇಕಿರಲಿಲ್ಲ, ಕಾರ್ಡನ್ನು ಮಷಿನ್ನಿಗೆ ತಾಗಿಸಿದರೆ ಸಾಕಿತ್ತು. ಮೆಸೇಜು ಯಜಮಾನರ ಫೋನಿಗೆ ಹೋಗುತ್ತದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇದೇನೆಂದು ಅವರು ಕೇಳಿದಾಗ — ತಂಗಿಯ ಹೆಸರು ನಾಲಗೆಯ ತುದಿಗೆ ಬಂದಿತ್ತು — ಹೆದರಿದೆ. “ನನಗೇನ ಗೊತ್ರಿ? ಕಾರ್ಡ್ ಆ ಅಂಗಡಿಯವ್ರ ಹಂತೇಕ ಐತಿ” ಅಂದೆ. ಅಷ್ಟೇ ಮಾತು. ಅವರು ಬ್ಯಾಂಕಿಗೆ ದೂರು ಕೊಟ್ಟರು. ಮರುದಿನ ಕಾರ್ಡು ಇಸಿದುಕೊಳ್ಳಲು ನನ್ನನ್ನೂ ಕರೆದುಕೊಂಡು ಬಂದು, ಗಿರಾಕಿಗಳ ಎದುರೇ ನಿಮ್ಮನ್ನು ಕಳ್ಳ ಎಂದರು. ನಿಮ್ಮ ಫೋನು ಅಲ್ಲೇ ಇತ್ತು. ನನ್ನ ಕರೆ ತೋರಿಸಿದ್ದರೆ ಸಾಕಿತ್ತು. ನೀವು ಒಮ್ಮೆ ನನ್ನ ಮುಖ ನೋಡಿದಿರಿ.

“ನಂದ ತಪ್ಪಾಗೇತ್ರಿ, ಸಾಹೇಬ್ರ.”

ನಾನು — ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದೆ.

ಬ್ಯಾಂಕಿನವರು ಕೇಳಿದಾಗಲೂ ನೀವು ಬಾಯಿ ಬಿಡಲಿಲ್ಲ. ಹಣ ನಮಗೆ ಮರಳಿತು, ನಿಮ್ಮ ಕಾರ್ಡಿನ ಮಷಿನ್ನನ್ನು ಬ್ಯಾಂಕಿನವರು ವಾಪಸ್ ಒಯ್ದರು. ಸೀರೆಯಂತೂ ಹೋಗಿಯೇ ಇತ್ತು. ತಂಗಿ ಅದನ್ನುಟ್ಟು ಫೋಟೊ ಕಳಿಸಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಬರೀ ಗಾದೆ ಎಂದುಕೊಂಡಿದ್ದೆ, ಮಾಡಿಯೇ ತೋರಿಸಿದೆ. “ಆ ಅಂಗಡ್ಯಾಗ ಕಾರ್ಡ್ ಕೊಡಬ್ಯಾಡ್ರಿ” ಎಂದು ಹೆಂಗಸರು ಆಡಿಕೊಂಡಾಗ ನಾನೂ ತಲೆಯಾಡಿಸಿದ್ದೇನೆ, ಕಾಕಾ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಸುಳ್ಳು ಹೇಳಿಸಿದ್ದು ಒಂದು ದಿನದ ಹೆದರಿಕೆ ಎನ್ನಬಹುದು. ನಾಲ್ಕು ವರ್ಷದ ಮೌನಕ್ಕೆ ಏನೆನ್ನಲಿ...

ನಿನ್ನೆ ಯಜಮಾನರಿಗೆ ಎಲ್ಲ ಹೇಳಿದೆ. “ಅಷ್ಟ ಮಂದ್ಯಾಗ ಆ ಹಿರೇ ಮನಶಾಗ ಕಳ್ಳ ಅಂದೆನಲ್ಲ” ಎಂದರು. ಬ್ಯಾಂಕಿಗೂ ಬರೆದಿದ್ದೇನೆ.

ಸಂತೆಯ ದಿನ, ಅಂಗಡಿ ತುಂಬಿರುವ ಹೊತ್ತಿಗೆ ಇಬ್ಬರೂ ಬರುತ್ತೇವೆ. ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನೀವು “ಇರ್ಲಿ ಬಿಡವಾ” ಎಂದು ನನ್ನ ಮಾತು ತಡೆಯಲು ಬರುತ್ತೀರಿ, ನನಗೆ ಗೊತ್ತು. ತಡೆಯಬೇಡಿ, ಕಾಕಾ.