ನೀರು ಬೆರೆಸದ ಹಾಲು

ಇವತ್ತು ಬೆಳಿಗ್ಗೆ ಉಡುಪಿಯ ಹೋಟೆಲೊಂದರಲ್ಲಿ ಹೊಸ ಫಲಕ ಕಂಡೆ: 'ನೀರು ಬೆರೆಸದ ಹಾಲಿನ ಕಾಫಿ'. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಯಾವ ಫಲಕ ಕಂಡರೂ ಎದುರು ವಾದ ಹೂಡಬೇಕೆನಿಸುತ್ತದೆ. ಇದನ್ನು ಕಂಡಾಗ ಮಾತ್ರ ವಾದದ ಬದಲು ಕಾಪುವಿನ ಸದಾನಂದ ನೆನಪಾದ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬರುತ್ತಿದ್ದ ಹಾಲಿನಲ್ಲಿ ನೀರು ಧಾರಾಳವಾಗಿತ್ತು. ಅಮ್ಮನ ಕೈಯಳತೆಯೂ ನಮ್ಮ ಹೊಟ್ಟೆಯೂ ಆ ನೀರಿಗೆ ಹೊಂದಿಕೊಂಡಿದ್ದವು. ಒಮ್ಮೆ ಕುಕ್ಕುಂದೂರಿನ ಚಿಕ್ಕಮ್ಮ ಎಮ್ಮೆಯ ಗಟ್ಟಿಹಾಲು ಕಳಿಸಿದರು. ಶುದ್ಧತೆಯ ಬಗ್ಗೆ ಭಾಷಣ ಬಿಗಿಯುತ್ತಲೇ ಎಂದಿನ ದೊಡ್ಡ ಲೋಟ ತುಂಬ ಕುಡಿದೆ. ಮರುದಿನವಿಡೀ ಹಿತ್ತಿಲಿಗೆ ಓಡಿದೆ. ನಗುವುದಾದರೆ ಈಗಲೇ ನಕ್ಕುಬಿಡಿ.

ಸದಾನಂದ ಶಾಲೆಯಲ್ಲಿ ನನ್ನ ಬೆಂಚಿನವನು. ಬೊಂಬಾಯಿಯ ಹೋಟೆಲಿಗೆ ದುಡಿಯಲು ಹೋದವನು ಬ್ರೌನ್ ಶುಗರ್ ಎಂಬ ಅಮಲುಹುಡಿಯ ಚಟ ಅಂಟಿಸಿಕೊಂಡ. ಮೀನು ಮಾರುವ ಅವನ ತಾಯಿ ಗಿರಿಜಕ್ಕ ಊರಿಗೆ ಕರೆತಂದು, ಮಣಿಪಾಲದ ಡಾಕ್ಟರರಿಗೆ ತೋರಿಸಿ, ಹಟ ಹಿಡಿದು ಬಿಡಿಸಿದರು. ಅವನ ಗಲ್ಲ ತುಂಬಿಕೊಂಡಿತು. "ಈಗ ನನಗೆ ಬಂಗುಡೆ ಸಾರಿನದ್ದೇ ಅಮಲು ಮಾರಾಯ," ಅನ್ನುತ್ತಿದ್ದ.

ಇಸವಿ ಎಂಬತ್ತನಾಲ್ಕೋ ಐದೋ ಇರಬೇಕು, ಬೊಂಬಾಯಿಯ ಗೆಳೆಯನೊಬ್ಬ ಪೊಟ್ಟಣ ತಂದುಕೊಟ್ಟ. ಒಂದೇ ಸಲ ಎಂದು ಸದಾನಂದ ಹಳೆಯ ಅಳತೆಯಲ್ಲೇ ತೆಗೆದುಕೊಂಡ. ಗಿರಿಜಕ್ಕ ಮೀನು ಮಾರಿ ಮನೆಗೆ ಬಂದಾಗ ಚಾಪೆಯ ಮೇಲೆ ಅವನ ಮೈ ತಣ್ಣಗಾಗಿತ್ತು.

"ಹಾಳು ಮಾಲು ಕೊಟ್ಟಿದ್ದಾನೆ ಮಗಾ," ಅಂದರು ಗಿರಿಜಕ್ಕ ನನ್ನೊಡನೆ. "ನಾನು ಒಂದು ದಿನವೂ ಕೊಳೆತ ಮೀನು ಮಾರಿದವಳಲ್ಲ. ಅದಕ್ಕೆ ಎಂತ ಬೆರೆಸಿದ್ದ ಅಂತ ಡಾಕ್ಟರರಲ್ಲಿ ಕೇಳಿಕೊಂಡು ಬಾ."

ಕಲಬೆರಕೆಯೇ ಕೊಲೆಗಾರ ಎಂಬ ವಾದ ಕಟ್ಟಿಕೊಂಡು ಮಣಿಪಾಲದಲ್ಲಿ ಡಾಕ್ಟರರ ಮುಂದೆ ಕುಳಿತೆ. ಅವರು ಪೂರ್ತಿ ಕೇಳಿದರು.

"ಬೆರೆಸಿದ್ದರಿಂದ ಅಲ್ಲ, ಬೆರಕೆ ಕಡಿಮೆಯಾದ್ದರಿಂದ," ಅಂದರು. "ಪೊಲೀಸರು ಪರೀಕ್ಷೆ ಮಾಡಿಸಿದ್ದಾರೆ. ಬೊಂಬಾಯಿಯಲ್ಲಿ ಅವನಿಗೆ ಸಿಗುತ್ತಿದ್ದುದರಲ್ಲಿ ಹೆಚ್ಚಿನದು ಬೇರೆ ಹುಡಿ. ಇದು ಗಟ್ಟಿ ಮಾಲು. ಇಂಥದ್ದು ಬಂದ ಕಡೆ ಹುಡುಗರು ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಇವನ ಮೈಗೆ ಅಭ್ಯಾಸವೂ ತಪ್ಪಿತ್ತು."

"ಅಂದರೆ, ಬಿಟ್ಟದ್ದರಿಂದ..."

"ಬಿಟ್ಟವರು ಮತ್ತೆ ಮುಟ್ಟಿದರೆ ಹಾಗೆ. ಹಳೆಯ ಅಳತೆಯನ್ನು ಮೈ ತಡೆಯುವುದಿಲ್ಲ."

ಕಾಪುವಿಗೆ ಹೋಗಿ, ಮಾಲು ಗಟ್ಟಿಯಾಗಿತ್ತಂತೆ, ಮೈಗೆ ಅಭ್ಯಾಸ ತಪ್ಪಿತ್ತಂತೆ ಎಂದಷ್ಟೇ ಹೇಳಿದೆ. ಗಿರಿಜಕ್ಕ ಖಾಲಿ ಬುಟ್ಟಿಯನ್ನು ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆದರು.

"ಅಭ್ಯಾಸ ತಪ್ಪಿಸಿದ್ದು ನಾನು ಅಲ್ವಾ ಮಗಾ?"

"ನೀವಲ್ಲ ಗಿರಿಜಕ್ಕ, ಆ ಪೊಟ್ಟಣ," ಅಂದೆ. ಅದು ಸರಿಯಾದ ಉತ್ತರವೆಂದು ಯಾವ ವೇದಿಕೆಯಲ್ಲೂ ವಾದಿಸಬಲ್ಲೆ. ಅವರನ್ನು ಮಾತ್ರ ಇಂದಿಗೂ ಒಪ್ಪಿಸಲಾಗಿಲ್ಲ.

"ಗಟ್ಟಿ ಉಂಟು, ಹನಿ ನೀರಿಲ್ಲ," ಎನ್ನುತ್ತ ಆ ಫಲಕದ ಹೋಟೆಲಿನವರು ಕಾಫಿಯ ಲೋಟ ಇಟ್ಟರು. ಸ್ವಲ್ಪ ಬಿಸಿನೀರು ಕೇಳಿದೆ. ಅವರ ಮುಖ ಸಣ್ಣದಾಯಿತು. ಕಾರಣ ಹೇಳಲು ಹೊರಟವನು ಸುಮ್ಮನೆ ನೀರು ಹೊಯ್ದುಕೊಂಡೆ.