ಹೆದ್ದಾರಿಯ ಮೇಲೆ ಕಮಲಿಯ ಶೆಟ್ಲಿ

ಗಂಡ ಸಮುದ್ರದ ಪಾಲಾದ ಮೇಲೆ ಕಾಸರಕೋಡಿನ ಕಮಲಿಗೆ ಉಳಿದದ್ದು ಒಂದು ಗುಡಿಸಲು, ಅದರೆದುರು ಮೀನು ಒಣಗಿಸುವಷ್ಟು ಹೊಯ್ಗೆ, ಮರಳಿನ ಜಾಗ. ಅರವತ್ತರ ದಶಕದಲ್ಲಿ ರಾಷ್ಟ್ರೀಯ ಹೆದ್ದಾರಿ ಬಂದು ಆ ಹೊಯ್ಗೆಯ ಮೇಲೇ ಮೈಚಾಚಿ ಮಲಗಿತು. ಕಮಲಿ ಅಳಲಿಲ್ಲ. ಒಂದು ಮಧ್ಯಾಹ್ನ ಬರಿಗಾಲಲ್ಲಿ ಡಾಂಬರು ದಾಟುವಾಗ ಅಂಗಾಲು ಚುರುಕ್ಕೆಂದಿತು. ಹೊಯ್ಗೆಯಲ್ಲಿ ದಿನಗಟ್ಟಲೆ ಒಣಗುವ ಶೆಟ್ಲಿ ಮೀನು ಈ ಡಾಂಬರಿನ ಮೇಲಾದರೆ ಒಂದೇ ಬಿಸಿಲಿಗೆ ಗರಿಗರಿಯಾದೀತು!

ಮರುದಿನದಿಂದ ಅರ್ಧ ಹೆದ್ದಾರಿ ಅವಳದಾಯಿತು. ಮೀನು ಹರವಿ ಸುತ್ತ ಕಲ್ಲಿಟ್ಟಳು. ಡಾಂಬರಿನವರು ಕೆಲಸದ ಜಾಗದಲ್ಲಿ ಕೆಂಪು ಬಾವುಟ ನೆಡುವುದನ್ನು ಕಂಡಿದ್ದಳಲ್ಲ, ತನ್ನ ಹಳೇ ಸೀರೆಯ ಕೆಂಪು ಸೆರಗನ್ನು ಹರಿದು ಕೋಲಿಗೆ ಕಟ್ಟಿದಳು. ಬಸ್ಸು, ಲಾರಿಗಳು ವಿನಯದಿಂದ ಬದಿಗೆ ಸರಿದು ಹೋದವು.

ರಸ್ತೆ ಮೇಸ್ತ್ರಿ ಮಹಾಗಣಪತಿ ಮೂಗು ಮುಚ್ಚಿಕೊಂಡೇ ಸೈಕಲ್ಲಿನಿಂದ ಇಳಿದ.

"ಎಂತದೇ ಕಮಲಿ ಇದು? ಸರ್ಕಾರದ ರಸ್ತೆ!"

"ಅದ್ರ ಅಡಿಗೆ ನನ್ನ ಹೊಯ್ಗೆ ಅದೆ, ಒಡ್ಯಾ."

"ನಾಳೆ ದೊಡ್ಡ ಸಾಹೇಬ್ರು ಬರ್ತಾರೆ. ಒಂದು ಮೀನು ಕಂಡ್ರೂ ಎಲ್ಲಾ ಹೊಳೆಗೆ ಎಸೀತೆ."

"ಎಸೀರಿ. ಮಳೆಗಾಲ ಪೂರಾ ನಿಮ್ಮನೆಗೇ ಉಣ್ಣೂಕೆ ಬತ್ತೆ."

ಆಚಾರವಂತ ಮೇಸ್ತ್ರಿ ಬೆಚ್ಚಿಬಿದ್ದ. ಕಮಲಿ ಹೇಳಿದ್ದು ಬರೀ ತಮಾಷೆಯಲ್ಲ. ಮಳೆ ಹಿಡಿಯುವ ಮೊದಲು ಈ ಮೀನು ಒಣಗದಿದ್ದರೆ ಅವಳ ಒಲೆ ಉರಿಯುವಂತಿರಲಿಲ್ಲ.

ಮರುದಿನ ದೂರದಲ್ಲಿ ಜೀಪು ಕಂಡಾಗ ಮೀನು ಅಲ್ಲೇ ಇತ್ತು. ಮೇಸ್ತ್ರಿಯೇ ಓಡಿಬಂದು ಅದರ ಮೇಲೆ ತೆಂಗಿನ ಗರಿ ಮುಚ್ಚಿದ. ಬಾವುಟ ಕೀಳಲು ಪುರಸೊತ್ತಾಗಲಿಲ್ಲ. ಕೆಂಪು ಕಂಡು ಜೀಪು ನಿಂತಿತು.

"ಏನ್ರೀ, ಹೊಸ ರಸ್ತೆಗೆ ಆಗಲೇ ರಿಪೇರಿಯೇ?" ಸಾಹೇಬರು ಕೇಳಿದರು.

ಮೇಸ್ತ್ರಿ ಕಮಲಿಯನ್ನು ನೋಡಿದ. ಕಮಲಿ ಆಕಾಶ ನೋಡಿದಳು.

"ಹೌದು ಸಾರ್. ಸ್ವಲ್ಪ ಕುಸಿದದೆ."

"ವಾಸನೆ ಎಲ್ಲಿಂದ?"

"ಸಮುದ್ರದ್ದು ಸಾರ್."

"ಅರ್ಧಂಬರ್ಧ ಕೆಲಸ ಬೇಡ. ವಾಹನಗಳನ್ನು ಹಳೇ ದಾರಿಗೆ ತಿರುಗಿಸಿ, ಇಲ್ಲಿ ಪೂರ್ತಿ ಮುಚ್ಚಿಬಿಡಿ. ಅಗೆದು ಸರಿಯಾಗಿ ಮಾಡಿ. ಮುಂದಿನ ವಾರ ಬಂದು ನೋಡ್ತೇನೆ."

ಜೀಪಿನ ಧೂಳು ಇಳಿಯಿತು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕುಳಿತ. ಎಲ್ಲೂ ಕುಸಿಯದ ರಸ್ತೆಯನ್ನು ಎಲ್ಲಿ ಅಂತ ಅಗೆಯುವುದು?

ಅಷ್ಟರಲ್ಲಿ ಸುದ್ದಿ ಕೇಳಿದ ನೆರೆಮನೆಯ ಗಂಗೆ, ಸೀತೆ ತಮ್ಮ ಮೀನಿನ ಬುಟ್ಟಿ ಹೊತ್ತು ಬಂದಿದ್ದರು. ಅವರಿಗೆ ಆಚೆ ಬದಿಯ ಅರ್ಧ ರಸ್ತೆಯನ್ನು ತೋರಿಸಿ, ಕಮಲಿ ಮೇಸ್ತ್ರಿಯ ಬಳಿ ಬಂದಳು.

"ಏಳಿ ಒಡ್ಯಾ, ಜಾಗ ನಾ ತೋರಿಸ್ತೆ. ಆ ಮೂಲೆಲಿ ಗಾಳಿಮರದ ನೆರಳು ಬೀಳ್ತದೆ, ಮೀನು ಒಣಗೂದಿಲ್ಲ. ಅಲ್ಲೇ ಅಗೀರಿ."