ಐದೂವರೆ ಮನೆ ಶ್ರುತಿ, ನೀಲಿ ತಿಮಿಂಗಿಲ

ಮಧ್ಯಾಹ್ನದ ಊಟವಾಗಿ, ಪಾತ್ರೆ ಬೋರಲು ಹಾಕಿ, ಅಡುಗೆಕಟ್ಟೆ ಒರೆಸಿದ ಮೇಲೆ ನನಗೆ ಹತ್ತು ನಿಮಿಷ ಕಾಲು ಚಾಚಬೇಕು ಅನಿಸುತ್ತದೆ. ಚಾಚುವುದಿಲ್ಲ. ಆ ಹೊತ್ತಿಗೆ ಅತ್ತೆ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಕೂತಿರುತ್ತಾರೆ. "ಬಾರೇ, ಕೆಂಪು ಪೆನ್ನು ಎಲ್ಲಿಟ್ಟೆ?" ಎಂದು ಶುರುವಾಗಿಬಿಡುತ್ತದೆ.

ನಾನು ಪ್ರೂಫ್ ನೋಡುವವಳು. ನಮ್ಮ ಚಾಮರಾಜಪೇಟೆಯ ಮನೆಯಿಂದ ಎರಡು ರಸ್ತೆ ಆಚೆ, ಒಬ್ಬರು ತಮ್ಮ ಮನೆಯ ಮಹಡಿಯಿಂದಲೇ ವಿಜ್ಞಾನದ ಸಣ್ಣ ಮಾಸಪತ್ರಿಕೆ ಹೊರಡಿಸುತ್ತಾರೆ. ಈಗ ಎಲ್ಲರೂ ಕಂಪ್ಯೂಟರಿನಲ್ಲೇ ತಿದ್ದುತ್ತಾರಂತೆ. ಈ ಸಂಪಾದಕರಿಗೆ ಅದು ಆಗದು. ಕಾಗದದ ಮೇಲೆ ಅಚ್ಚು ಹಾಕಿಸಿ, ಲೇಖಕರ ಮೂಲಪ್ರತಿಯ ಜೊತೆ ಕಳಿಸುತ್ತಾರೆ. ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಪೆನ್ನು ಹಿಡಿದು ಹಿಂಬಾಲಿಸಬೇಕು. ಕೇಳಿದ್ದೂ ಕಂಡಿದ್ದೂ ಬೇರೆಯಾದ ಕಡೆ ಪೆನ್ನು ನಿಲ್ಲಬೇಕು. ಬಹಳ ವರ್ಷ ನಾನೊಬ್ಬಳೇ ಎರಡೂ ಮಾಡಿಕೊಂಡು ಕುತ್ತಿಗೆ ನೋವು ತಂದುಕೊಂಡೆ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಮಧ್ಯಾಹ್ನಗಳು ಉದ್ದವಾದವು. ಓದುವ ಕೆಲಸ ತಾವಾಗಿಯೇ ಎತ್ತಿಕೊಂಡರು.

ಅವರು ಓದುವುದನ್ನು ಕೇಳಬೇಕು. ಚಿಹ್ನೆಗಳನ್ನೂ ಬಿಡದೆ ಹೇಳಬೇಕಾದ್ದರಿಂದ ಅಲ್ಪವಿರಾಮವನ್ನು "ಅಲ್ಪ" ಎಂದೂ ಪೂರ್ಣವಿರಾಮವನ್ನು "ಪೂರ್ಣ" ಎಂದೂ ಮೊಟಕು ಮಾಡಿದ್ದಾರೆ. ಅದೂ ರಾಗವಾಗಿ. ಯಾಕೆಂದರೆ ಅತ್ತೆ ಹಾಡುವವರು. ಪ್ರತಿ ಸೋಮವಾರ ಸಂಜೆ ಹತ್ತಿರದ ಈಶ್ವರನ ಗುಡಿಯಲ್ಲಿ ನಮ್ಮ ಹೆಂಗಸರ ಭಜನೆ. ಮೊದಲ ಸಾಲು ಎತ್ತಿಕೊಳ್ಳುವುದು ಅತ್ತೆ, ಹಿಂದೆ ನಾವೊಂದು ಇಪ್ಪತ್ತು ಜನ. ಶ್ರುತಿ ಪೆಟ್ಟಿಗೆಯ ತಿರುಗುಗುಂಡಿಗೆ ಕೈ ಹಚ್ಚುವುದೂ ಅವರೇ. ಐದೂವರೆ ಮನೆಗೆ ಇಟ್ಟರೆಂದರೆ ಮುಗಿಯಿತು. ಮನೆಯ ಸಂಖ್ಯೆ ಏರಿದಷ್ಟೂ ಧ್ವನಿ ಮೇಲೆ ಹೋಗಬೇಕು. ಐದೂವರೆ ಅಂದರೆ ಹೆಂಗಸರಿಗೂ ಎತ್ತರವೇ. ನಾನು ಸೊಸೆಯಾಗಿ ಬಂದ ವರ್ಷವೂ ಅದೇ, ಈಗಲೂ ಅದೇ. ಅತ್ತೆಯ ಧ್ವನಿ ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಗುಡಿಯ ಹಿತ್ತಾಳೆ ಗಂಟೆ ತಾನಾಗಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಉತ್ಪ್ರೇಕ್ಷೆಯಲ್ಲ, ನಾನೇ ಬೆರಳಿಟ್ಟು ನೋಡಿದ್ದೇನೆ.

ಈಚೆಗೆ ಆ ಧ್ವನಿ ಒಡೆಯುತ್ತಿತ್ತು. ಆ ಜಾಗಕ್ಕೆ ಬರುವಾಗ ಅತ್ತೆ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದು ಸ್ವರ ಎಳೆಯುತ್ತಿದ್ದರು. ಧ್ವನಿ ಅರ್ಧಕ್ಕೆ ಸೀಳಿ ಗಾಳಿ ಮಾತ್ರ ಬರುತ್ತಿತ್ತು. ನಾವೆಲ್ಲ ತಾಳ ಜೋರು ಮಾಡಿ ಮುಚ್ಚಿಬಿಡುತ್ತಿದ್ದೆವು. ಒಂದು ಸೋಮವಾರ ಚಪ್ಪಲಿ ಹಾಕಿಕೊಳ್ಳುವಾಗ ಟೀಚರ್ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಶಾಲೆಯಿಂದ ನಿವೃತ್ತರಾದವರು, ಭಜನೆಯಲ್ಲಿ ಅತ್ತೆಯ ಪಕ್ಕದ ಧ್ವನಿ ಅವರದು.

"ಕಾರ್ತೀಕದ ಕೊನೇ ಸೋಮವಾರ ಜನ ಎಷ್ಟ್ ಸೇರ್ತಾರೆ ಗೊತ್ತಲ್ಲ. ಅವತ್ತು ಹೀಗಾದ್ರೆ ಅಮ್ಮಾವ್ರಿಗೇ ಬೇಜಾರಾಗತ್ತೆ. ಒಂದ್ ಮಾತು ಹೇಳ್ರೀ."

"ಏನಂತ ಹೇಳ್ಲಿ? ಹಾಡಬೇಡಿ ಅಂತಾನಾ?"

"ಅಯ್ಯೋ, ಹಾಗಲ್ಲಪ್ಪ. ಶ್ರುತಿ ಇಳಿಸಿ ಅಂತ, ಇಲ್ಲಾ ಈ ಸಲ ಬೇರೆಯವ್ರು ಎತ್ಕೊಳ್ಳಲಿ ಅಂತ. ನೀವು ಸೊಸೆ. ನೀವ್ ಹೇಳಿದ್ರೆ ಮನೇ ಮಾತು. ನಾವ್ ಹೇಳಿದ್ರೆ ಬೀದಿ ಮಾತಾಗತ್ತೆ."

ನಾನು ಹೂಂ ಅಂದೆ. ಮನೆಗೆ ಬಂದು ಚಪಾತಿ ಹಿಟ್ಟು ಕಲಸಿದೆ. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮಾವ ಹೋದ ಮೇಲೆ ಅತ್ತೆ ಒಂದೊಂದಾಗಿ ಬಿಟ್ಟದ್ದನ್ನು ಹತ್ತಿರದಿಂದ ನೋಡಿದವಳು ನಾನು. ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಹೋಗುವುದು ಬಿಟ್ಟರು, ಮಾರ್ಕೆಟ್ಟಿಗೆ ಹೋಗಿ ತಾವೇ ಹೂವು ಆರಿಸುವುದು ಬಿಟ್ಟರು, ನೆಂಟರ ಮನೆಯ ಆರತಿ ನಾಮಕರಣ ಬಿಟ್ಟರು. ಉಳಿದದ್ದು ಸೋಮವಾರದ ಆ ಮೊದಲ ಸಾಲು. ಅದನ್ನು ನಾನು ಹೋಗಿ ಕಿತ್ತುಕೊಳ್ಳಬೇಕೇ? ಮನೆಯವರನ್ನು ಕೇಳಿದರೆ, "ನಿಮ್ಮ ಹೆಂಗಸರ ಪಂಚಾಯ್ತಿಗೆ ನನ್ನ ಎಳೀಬೇಡ" ಎಂದು ಟಿಫಿನ್ ಡಬ್ಬಿ ಎತ್ತಿಕೊಂಡು ಅಂಗಡಿಗೆ ಹೊರಟರು.

ಇಂಥ ಹೊತ್ತಿನಲ್ಲಿ ಆ ಲೇಖನ ಬಂತು. ತಿಮಿಂಗಿಲ, ಡಾಲ್ಫಿನ್, ಸೀಲ್‌ಗಳ ಬಗ್ಗೆ ಈಚೆಗೆ ವಿಜ್ಞಾನಿಗಳು ಕಂಡುಕೊಂಡದ್ದೆಲ್ಲ ಸೇರಿಸಿ ಒಬ್ಬ ಹಳೆಯ ಪ್ರೊಫೆಸರು ಕೈಬರಹದಲ್ಲಿ ಬರೆದದ್ದು. ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ. ಆ ಪ್ರಾಣಿಗಳ ನಿದ್ದೆಯಿಂದ ಶುರು.

"ಡಾಲ್ಫಿನ್ನುಗಳು ಮಲಗಿದಾಗ ಅಲ್ಪ ಮಿದುಳಿನ ಅರ್ಧ ಮಾತ್ರ ನಿದ್ರಿಸುತ್ತದೆ ಪೂರ್ಣ ಇನ್ನರ್ಧ ಎಚ್ಚರವಿದ್ದು ಅಲ್ಪ ಉಸಿರಾಟವನ್ನೂ ಅಪಾಯವನ್ನೂ ಗಮನಿಸುತ್ತದೆ ಪೂರ್ಣ" ಎಂದು ಓದಿದ ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನೂ ಹೀಗೇ ಕಣೇ. ನಿನ್ನೆ ಟೀವಿ ಮುಂದೆ ಗೊರಕೆ ಹೊಡೀತಿದ್ದೆ. ಹಾಲು ಉಕ್ತು ಅಂದ್ರೆ ಎದ್ದು ಓಡಿದೆ."

ನಗು ಬಂತು. ಆದರೆ ಮಾತು ನಿಜ. ಒಂದು ದಿನ ಬಿಟ್ಟು ಒಂದು ದಿನ ಬೆಳಗಿನ ಜಾವ ಕಾವೇರಿ ನೀರು ಬರುವ ಮನೆಯಲ್ಲಿ, ಈ ವಯಸ್ಸಿನ ಬೆವರು, ಸೆಕೆ, ಎದೆಬಡಿತದ ನಡುವೆ, ಪೂರ್ತಿ ಮಿದುಳು ಮಲಗಿದ್ದು ಯಾವಾಗಲೋ. ಆನೆ ಸೀಲ್ ಎಂಬ ಭಾರೀ ಪ್ರಾಣಿಯ ತಲೆಗೆ ತಂತಿ ಅಂಟಿಸಿ ನಿದ್ದೆ ಅಳೆದಿದ್ದಾರಂತೆ. ಅದು ಕಡಲಲ್ಲಿ ತಿಂಗಳುಗಟ್ಟಲೆ ಇರುವಾಗ ಆಳಕ್ಕೆ ಮುಳುಗಿ, ಅಲ್ಲೇ ಕೆಲವು ನಿಮಿಷ ನಿದ್ದೆ ಹೋಗಿ, ಉದುರಿದ ಎಲೆಯ ಹಾಗೆ ಸುತ್ತುತ್ತಾ ಕೆಳಗಿಳಿಯುತ್ತದಂತೆ. ಮತ್ತೆ ಎಚ್ಚೆತ್ತು ಮೇಲೆ ಬರುತ್ತದಂತೆ. ಆ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಸುತ್ತುತ್ತಾ ಕೆಳಗಿಳಿಯುವುದು ಎಷ್ಟು ಹಿತವಾಗಿರಬೇಕು.

"ಎದ್ದಿದೀಯೋ ಇಲ್ವೋ?" ಎಂದರು ಅತ್ತೆ.

"ಅರ್ಧ" ಎಂದೆ.

ಮುಂದಿನ ಪುಟ ನೀಲಿ ತಿಮಿಂಗಿಲದ ಹಾಡಿನದು. ಅತ್ತೆ ಒಂದೇ ಲಯದಲ್ಲಿ ಓದುತ್ತಾ ಹೋದರು, ನಾನು ಹಿಂಬಾಲಿಸುತ್ತಾ ಹೋದೆ. ಅವರು "ಗಂಡು ನೀಲಿ ತಿಮಿಂಗಿಲಗಳ ಹಾಡಿನ ಶ್ರುತಿ ದಶಕಗಳಿಂದ ಏರುತ್ತಾ ಬಂದಿದೆ ಪೂರ್ಣ" ಎಂದು ಓದಿದರು. ನನ್ನ ಕೈಯಲ್ಲಿದ್ದ ಅಚ್ಚಿನಲ್ಲಿ "ಇಳಿಯುತ್ತಾ ಬಂದಿದೆ" ಎಂದಿತ್ತು. ಟೈಪ್ ಮಾಡುವ ಹುಡುಗಿಯ ಕೈತಪ್ಪು ನನಗೆ ದಿನನಿತ್ಯದ್ದು. "ಇಳಿಯುತ್ತಾ" ಹೊಡೆದು "ಏರುತ್ತಾ" ಬರೆದೆ. ಎರಡು ಸಾಲು ಕೆಳಗೆ ಮತ್ತೊಮ್ಮೆ ಹಾಗೇ ಆಯಿತು, ಅಲ್ಲೂ ತಿದ್ದಿದೆ. ಕೇಳಿದ್ದನ್ನು ನಂಬುವುದು ನಮ್ಮ ಕೆಲಸದ ಕಟ್ಟಳೆ. ಮೂಲಪ್ರತಿ ಓದುವವರದೇ ಕೊನೆ ಮಾತು. ನಡುವೆ ಪುಟ ತೋರಿಸಿ ಅಂದರೆ ಲಯ ತಪ್ಪುತ್ತದೆ, ನನ್ನ ಕಾಫಿಯ ಹೊತ್ತೂ ತಪ್ಪುತ್ತದೆ.

ಎರಡು ದಿನ ಬಿಟ್ಟು ಸಂಪಾದಕರ ಫೋನು. ನಾನು ಕಡಲೆಕಾಯಿ ಬೇಯಲು ಇಟ್ಟಿದ್ದೆ.

"ಏನಮ್ಮಾ, ತಿಮಿಂಗಿಲದ ಶ್ರುತಿ ಏರಿಸಿಬಿಟ್ಟಿದೀರಲ್ಲ!"

"ಮೂಲದಲ್ಲಿ ಹಾಗಿದೆ ಸರ್."

"ಇರೋಕೆ ಸಾಧ್ಯವೇ ಇಲ್ಲ. ಕೆಳಗೇ ಬರೆದಿದಾರೆ ನೋಡಿ. ಬೇಟೆ ನಿಂತ ಮೇಲೆ ತಿಮಿಂಗಿಲ ಜಾಸ್ತಿ ಆಗಿದಾವೆ, ಹತ್ತಿರ ಹತ್ತಿರ ಇರೋದ್ರಿಂದ ಅಷ್ಟು ಜೋರಾಗಿ ಕೂಗೋ ಅಗತ್ಯ ಇಲ್ಲದೆ ಶ್ರುತಿ ಇಳಿದಿರಬಹುದು ಅಂತ. ಪ್ರೊಫೆಸರು ನೋಡಿದ್ರೆ ನನ್ನ ಮಹಡಿಯಿಂದ ತಳ್ತಾರೆ. ಆ ಪುಟದ ಪ್ರೂಫ್ ಈಗ್ಲೇ ವಾಪಸ್ ಕಳಿಸ್ತೀನಿ, ಇನ್ನೊಂದ್ಸಲ ಓದಿ ಕಳಿಸಿ."

ಪ್ರೂಫ್ ಮಾತ್ರ ಹೋಗಿತ್ತು, ಮೂಲಪ್ರತಿ ಇನ್ನೂ ಬೀರುವಿನ ಮೇಲೇ ಇತ್ತು. ತೆಗೆದು ನೋಡಿದೆ. ಆ ದುಂಡು ಅಕ್ಷರದಲ್ಲಿ, ಮಗುವೂ ಓದುವ ಹಾಗೆ, "ಇಳಿಯುತ್ತಾ ಬಂದಿದೆ" ಎಂದಿತ್ತು. ಎರಡು ಕಡೆಯೂ.

ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ನಾನು ಬೀರುವಿಗೆ ಒರಗಿ ನಿಂತೆ. ಅತ್ತೆ ಇಷ್ಟು ವರ್ಷ ಓದಿದ್ದರಲ್ಲಿ ಒಂದು ಅಲ್ಪವಿರಾಮವನ್ನೂ ಬಿಟ್ಟವರಲ್ಲ. ಆ "ಇಳಿಯುತ್ತಾ" ಬಾಯಿಗೆ ಬರಲಿಲ್ಲವೋ, ತರಲಿಲ್ಲವೋ, ನನಗೆ ಗೊತ್ತಾಗಲಿಲ್ಲ. ಆದರೆ ಟೀಚರ್ ನನ್ನಲ್ಲಿ ಆಡಿದ ಮಾತನ್ನು ಯಾರೂ ಅತ್ತೆಗೆ ಹೇಳಬೇಕಾಗಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಅದು ಅವರಿಗೆ ನಮಗಿಂತ ಮೊದಲೇ ತಿಳಿದಿತ್ತು.

ಮಧ್ಯಾಹ್ನ ಪುಟ ಕೈಗೆ ಕೊಟ್ಟು, "ಇದೊಂದು ಇನ್ನೊಂದ್ಸಲ ಓದ್ಬೇಕಂತೆ ಅತ್ತೆ" ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು, ಅದು ದೂರವಾಗುವ ತನಕ ಕಾದರು. ಆಮೇಲೆ ರಾಗವಿಲ್ಲದೆ ಓದಿದರು.

"ಗಂಡು ನೀಲಿ ತಿಮಿಂಗಿಲಗಳ ಹಾಡಿನ ಶ್ರುತಿ ದಶಕಗಳಿಂದ ಇಳಿಯುತ್ತಾ ಬಂದಿದೆ ಪೂರ್ಣ."

ನಾನು ನನ್ನದೇ ಕೆಂಪು ಗೆರೆ ಹೊಡೆದು ಹಾಕಿ, ಅಚ್ಚಿನಲ್ಲಿದ್ದದ್ದೇ ಇರಲಿ ಎಂದು ಗುರುತು ಮಾಡಿದೆ. ಅವರು ಪುಟ ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಯಾಕೆ ಇಳಿಸ್ತಾವಂತೆ?"

"ಇನ್ನೂ ಸರಿಯಾಗಿ ಗೊತ್ತಿಲ್ವಂತೆ. ಒಬ್ಬೊಬ್ರು ಒಂದೊಂದು ಹೇಳ್ತಾರಂತೆ."

"ವಯಸ್ಸಾದವು ಮಾತ್ರ ಇಳಿಸ್ತಾವಾ?"

"ಇಲ್ಲ. ಎಲ್ಲಾವೂ. ಒಂದು ಕಡಲಲ್ಲಿ ಇರೋವೆಲ್ಲಾ ಒಟ್ಟಿಗೇ ಇಳಿಸ್ತಾವಂತೆ, ಚೂರು ಚೂರೇ."

"ಒಟ್ಟಿಗೆ ಅಂದ್ರೆ? ಪೆಟ್ಟಿಗೆ ಹಿಡ್ಕೊಂಡು ಕೂತಿರೋರು ಯಾರೇ ಅಲ್ಲಿ?"

"ಅದೇ ಗೊತ್ತಿಲ್ಲ ಅಂತಾರೆ."

ಅತ್ತೆ ಪುಟ ಮತ್ತೆ ಕೈಗೆತ್ತಿಕೊಂಡು, "ಗಂಡು ತಾನೇ ಹಾಡೋದು? ಗಂಡಸ್ರಿಗೇನು, ಕೆಳಗೇ ಹಾಡ್ಕೊಂಡು ಬಿದ್ದಿರ್ತಾರೆ" ಎಂದು ಮುಂದಿನ ಸಾಲಿಗೆ ಹೋದರು. ನಾನು ಶ್ರುತಿಯ ಮಾತು ಎತ್ತಬಹುದಾಗಿದ್ದ ಹೊತ್ತು ಅದು. ನಾನೂ ಪೆನ್ನನ್ನು ಮುಂದಿನ ಸಾಲಿಗೆ ಒಯ್ದೆ. ನಿಜ ಹೇಳಬೇಕೆಂದರೆ, ಹೇಳುವಷ್ಟು ತ್ರಾಣವೂ ಇರಲಿಲ್ಲ.

ಕಾರ್ತೀಕದ ಕೊನೆಯ ಸೋಮವಾರ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪದ ಎಣ್ಣೆ, ಸೇವಂತಿಗೆ, ಒದ್ದೆ ಕಲ್ಲು, ಎಲ್ಲದರ ವಾಸನೆ. ನಾವು ಜಮಖಾನೆಯ ಮೇಲೆ ಒತ್ತಿಕೊಂಡು ಕೂತೆವು. ಟೀಚರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಹೇಳಿದಿರಾ ಎಂದು. ನಾನು ತಾಳ ಕೈಗೆ ತೆಗೆದುಕೊಂಡೆ. ಅತ್ತೆ ಶ್ರುತಿ ಪೆಟ್ಟಿಗೆ ಹತ್ತಿರ ಎಳೆದುಕೊಂಡು ಸ್ವಿಚ್ ಹಾಕಿದರು. ಐದೂವರೆಯ ಗುಂಯ್‌ಗುಡುವಿಕೆ ಹೊರಟಿತು. ಅದನ್ನು ಒಂದು ಕ್ಷಣ ಕೇಳಿದರು. ಆಮೇಲೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ಐದು. ನಾಲ್ಕೂವರೆ. ನಾಲ್ಕಕ್ಕೆ ಬಂದು ನಿಲ್ಲಿಸಿದರು. ಎಲ್ಲರ ಎದುರೇ, ಅವಸರವಿಲ್ಲದೆ, ಸ್ಟೌವಿನ ಉರಿ ತಗ್ಗಿಸಿದ ಹಾಗೆ.

"ಎಲ್ರೂ ಒಟ್ಟಿಗೆ ಇಳೀಬೇಕು" ಎಂದರು ನಮ್ಮ ಕಡೆ ತಿರುಗಿ. "ಹಿಂದೆ ಯಾರೂ ಮೇಲೆ ಒದ್ದಾಡಬೇಡಿ."

ಎತ್ತಿಕೊಂಡರು. ನಾವು ಹಿಂಬಾಲಿಸಿದೆವು. ಮೊದಲ ಸಾಲಿಗೇ ನನಗೆ ಗಾಬರಿಯಾಯಿತು, ಇದು ಯಾರ ಗಂಟಲು ಎಂದು. ನನ್ನದೇ. ಇಷ್ಟು ವರ್ಷ ಮೇಲಿನ ಸ್ವರ ಬಂದಾಗೆಲ್ಲ ಬಾಯಿ ಮಾತ್ರ ಆಡಿಸುತ್ತಿದ್ದವಳು ನಾನು. ಸುತ್ತ ನೋಡಿದರೆ ಎಲ್ಲರೂ ಹಾಡುತ್ತಿದ್ದರು, ಗೋಡೆ ಪಕ್ಕದ ಅಜ್ಜಿಯರೂ.

ಮಂಗಳಾರತಿ ಆದ ಮೇಲೆ ಟೀಚರ್ ಅತ್ತೆಯ ಕೈ ಹಿಡಿದರು. "ಅಮ್ಮಾವ್ರೇ, ಐದೂವರೆಗೆ ನನ್ನ ಗಂಟಲು ಯಾವತ್ತೂ ನೆಟ್ಟಗೆ ಹತ್ತಿರ್ಲಿಲ್ಲ. ನೀವು ಹಾಡ್ತೀರಲ್ಲ ಅಂತ ನಾವೂ ಎಳೀತಿದ್ವಿ."

"ಬಾಯಲ್ಲಿ ಕಡುಬು ಇತ್ತಾ? ಹೇಳ್ಬಾರ್ದಿತ್ತಾ ತಾಯಿ?"

"ನಿಮಗೆ ಹೇಳೋದಾ! ನಿಮ್ಮ ಸೊಸೆಗೇ ಧೈರ್ಯ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚರಣದಲ್ಲಿ ಮೇಲಿನ ಷಡ್ಜ ಬಂದಾಗ ನಾನು ತಾಳ ಬಿಟ್ಟು ಗಂಟೆಯ ಕಡೆ ನೋಡಿದ್ದೆ. ಅತ್ತೆಯ ಧ್ವನಿ ಒಡೆಯಲಿಲ್ಲ, ತುಂಬಿಕೊಂಡೇ ನಿಂತಿತು. ಗಂಟೆ ಮಾತ್ರ ಸುಮ್ಮನಿತ್ತು. ಅತ್ತೆಯೂ ಅತ್ತಲೇ ನೋಡುತ್ತಿದ್ದರು.

ಆ ತಿಂಗಳ ಸಂಚಿಕೆ ಬಂದಾಗ ಅತ್ತೆ ಬೇರೆ ಯಾವುದನ್ನೂ ತೆರೆಯದೆ ನೇರ ಆ ಪುಟಕ್ಕೆ ಹೋದರು. ಓದಿ ಮುಗಿಸಿ, ಮಂಚದಿಂದಲೇ ಕೇಳಿದರು.

"ಹಳೇ ಶ್ರುತೀಲಿ ಹಾಡೋದು ಈಗ ಒಂದೂ ಉಳಿದಿಲ್ವಾ?"

"ಇಲ್ವಂತೆ ಅತ್ತೆ. ಆಗಿನ ಕಾಲದ ರೆಕಾರ್ಡಿಂಗ್ ಇದಾವಂತೆ. ಅದನ್ನ ಇಟ್ಕೊಂಡೇ ಇಳಿದಿರೋದನ್ನ ಕಂಡುಹಿಡಿದಿದ್ದು."

"ಓಹೋ" ಎಂದರು. ಪುಟದ ಮೇಲೆ ಬೆರಳಿಟ್ಟುಕೊಂಡೇ, "ನನ್ನದು ಯಾರ ಹತ್ರಾನಾದ್ರೂ ಇದ್ಯೇನೇ?"

ಮಗಳ ಫೋನಿನಲ್ಲಿ ಮನೆಯ ಬೆಕ್ಕು ಆಕಳಿಸುವುದೂ ಇದೆ. ಪ್ರತಿ ಸೋಮವಾರ ಅವರ ಪಕ್ಕದಲ್ಲೇ ತಾಳ ಹಾಕುತ್ತಾ ಕೂತವರು ನಾವು, ರೆಕಾರ್ಡ್ ಮಾಡಿಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಇಲ್ಲ ಅತ್ತೆ" ಎಂದೆ.

ಅವರು ಪತ್ರಿಕೆ ಮಡಿಸಿ ದಿಂಬಿನ ಪಕ್ಕ ಇಟ್ಟರು. ಕನ್ನಡಕ ಸರಿ ಮಾಡಿಕೊಂಡರು. ಹೊಸ ತಿಂಗಳ ಪ್ರೂಫ್ ನನ್ನ ತೊಡೆಯ ಮೇಲೆ ಬಿದ್ದಿತ್ತು. ಕಾಲು ಚಾಚಬೇಕು ಅನಿಸಿತು.

"ಸರಿ, ಕೊಡು" ಎಂದರು ಕೈ ನೀಡಿ. "ಕೆಂಪು ಪೆನ್ನು ಎಲ್ಲಿಟ್ಟೆ?"